ಕೇಳಿ, ಹೇಳ್ತೀನಿ: ಜೇಬು ಖಾಲಿಯಾಗದಂತೆ ಹಿರೀಕರ ಹುಡುಕಾಟ

ಪ್ರಶ್ನೆ: ತಾತನ ಅಪ್ಪನ ಬಗ್ಗೆ ಹೆಸರೊಂದು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ವಂಶವೃಕ್ಷದ ವೆಬ್‌ಸೈಟ್‌ಗಳು ಚಂದಾ ಕೇಳುತ್ತವೆ. ನನ್ನ ಪಿಂಚಣಿಯಲ್ಲಿ ಅದು ಆಗದ ಮಾತು. ಎಲ್ಲಿಂದ ಶುರು ಮಾಡಲಿ?
— ನಿವೃತ್ತ ಶಿಕ್ಷಕಿ

ಮೇಡಂ, ಈಗಲೇ ಚಂದಾ ಕಟ್ಟಬೇಡಿ. ನಾನು ಕಟ್ಟಿ ಕೈ ಸುಟ್ಟುಕೊಂಡವನು. ಏನು ಹುಡುಕಬೇಕು ಅನ್ನೋದೇ ಗೊತ್ತಿಲ್ಲದೆ ಒಂದು ವರ್ಷದ್ದು ಕಟ್ಟಿಬಿಟ್ಟೆ. ಮೊದಲ ವಾರ ರಾತ್ರಿಯೆಲ್ಲ ಕೂತೆ, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ರದ್ದು ಮಾಡಲು ಮರೆತಿದ್ದಕ್ಕೆ ಮರುವರ್ಷದ ದುಡ್ಡೂ ತಾನಾಗೇ ಹೋಯಿತು.

ನನಗೆ ಬೇಕಾಗಿದ್ದ ಉತ್ತರ ಅಷ್ಟು ದಿನವೂ ಅತ್ತೆಯ ಟ್ರಂಕಿನಲ್ಲಿತ್ತು. ಒಂದು ಕಪ್ಪು ಬಿಳುಪು ಫೋಟೊ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಪೂರ್ತಿ ಮಾಸಿಹೋಗಿತ್ತು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ, ಹೆಚ್ಚುಕಡಿಮೆ ಮೇಜಿಗೆ ತಾಗಿಸಿ ಹಿಡಿದೆ. ಸೀಸ ಅಳಿಸಿದ್ದರೂ ಒತ್ತಿ ಬರೆದ ಗೆರೆಗಳ ನೆರಳು ಎದ್ದು ಬಂತು. ‘ತಂಗಿ ಮದುವೆಯ ದಿನ’. ತಾತನದೇ ಕೈಬರಹ. ತಾತನಿಗೆ ಒಬ್ಬಳು ತಂಗಿ ಇದ್ದಳು ಅಂತ ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ಮೊದಲು ಟ್ರಂಕು, ಆಮೇಲೆ ಮನೆಯ ಹಿರಿಯರು. ಅವರ ಹತ್ತಿರ ‘ಯಾವ ಇಸವಿ?’ ಅಂತ ಶುರು ಮಾಡಬೇಡಿ. ನೆನಪಿಲ್ಲ ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ಆ ಹಳೇ ಮನೆಯಲ್ಲಿ ಯಾರು ಎಲ್ಲಿ ಮಲಗ್ತಿದ್ರು?’ ಅಂತ ಕೇಳಿ ನೋಡಿ. ಬಾಗಿಲ ಪಕ್ಕ ಮಲಗುತ್ತಿದ್ದ ಚಿಕ್ಕಪ್ಪ, ಅವರ ತೀರಿಹೋದ ಮೊದಲ ಹೆಂಡತಿ, ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡ್ತೀನಿ ಅಂತ ಮೊದಲೇ ಹೇಳಿ, ಆಮೇಲೆ ನೀವು ಸುಮ್ನಿರಿ. ಇದು ಮೇಷ್ಟ್ರುಗಳಿಗೆ ಸ್ವಲ್ಪ ಕಷ್ಟ, ಗೊತ್ತು.

ಇನ್ನು ಕಾಗದಪತ್ರ. ಫ್ಯಾಮಿಲಿಸರ್ಚ್ ಅನ್ನೋ ತಾಣ ಪೂರ್ತಿ ಉಚಿತ, ಖಾತೆ ತೆರೆದರೆ ಸಾಕು. ಮಾರ್ಮನ್ ಚರ್ಚ್ ನಡೆಸುತ್ತದೆ. 1938ರಿಂದ ದೇಶದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತಾ ಬಂದವರು, ಆ ಸುಮಾರು 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡುವ ಕೆಲಸವನ್ನು 2021ರಲ್ಲಿ ಮುಗಿಸಿದರು. ಜಾಸ್ತಿ ಜನ ಇಲ್ಲಿ ಹೆಸರು ಟೈಪ್ ಮಾಡುತ್ತಾರೆ, ಏನೂ ಬರಲಿಲ್ಲ ಅಂತ ಎದ್ದುಬಿಡುತ್ತಾರೆ. ಹೆಸರುಗಳ ಸೂಚಿ ತಯಾರಾಗದ ಪುಟಗಳು ಆ ಹೆಸರಿನ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಕ್ಯಾಟಲಾಗ್‌ಗೆ ಹೋಗಿ ಊರಿನ ಹೆಸರು ಕೊಡಿ, ಅಲ್ಲಿರುವ ಪುಟಗಳನ್ನು ರಿಜಿಸ್ಟರ್ ತಿರುವಿದ ಹಾಗೆ ಒಂದೊಂದಾಗಿ ತಿರುವಿ. ಕೆಲವಕ್ಕೆ ಬೀಗದ ಗುರುತು ಇರುತ್ತದೆ. ಅಂಥ ಎಷ್ಟೋ ಪುಟಗಳನ್ನು ಅವರ ಕೇಂದ್ರಗಳಲ್ಲಿ ಅಥವಾ ಅವರ ಜೊತೆ ಕೈಜೋಡಿಸಿದ ಲೈಬ್ರರಿಗಳಲ್ಲಿ ಕೂತು ನೋಡಬಹುದು.

ಪ್ರಶ್ನೆ: ಯಾರೋ ನಮ್ಮ ವಂಶವನ್ನು 12 ತಲೆಮಾರಿನವರೆಗೆ ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ಬಿಟ್ಟಿಯಾಗಿ. ಹಾಗೇ ಇಳಿಸಿಕೊಳ್ಳಬಹುದಾ?

ಇಳಿಸಿಕೊಳ್ಳಿ, ನಂಬಬೇಡಿ. ಮಗನಿಗಿಂತ ಆರು ವರ್ಷ ಚಿಕ್ಕವಳಾದ ತಾಯಿಯನ್ನು ನಾನೇ ಇಂಥ ಮರವೊಂದರಲ್ಲಿ ನೋಡಿದ್ದೇನೆ! ಅದನ್ನು ಹತ್ತಾರು ಜನ ನಕಲು ಮಾಡಿಕೊಂಡಿದ್ದರು. ಹತ್ತು ಕಡೆ ಇದೆ ಅಂದಮಾತ್ರಕ್ಕೆ ಹತ್ತು ಸಾಕ್ಷಿ ಆಗಲ್ಲ, ಅಲ್ವಾ?

ದುಡ್ಡಿನ ವಿಷಯಕ್ಕೂ ಇದು ಸೇರಿದ್ದೇ. ಹೆಸರು ಹೊಂದಿತು ಅಂತ ಅವಸರಪಟ್ಟು ಒಮ್ಮೆ ಮರಣ ಪ್ರಮಾಣಪತ್ರದ ನಕಲಿಗೆ ಶುಲ್ಕ ಕಟ್ಟಿದೆ. ಬಂದಿದ್ದು ಯಾರದೋ ತಾತನದು. ಅಪ್ಪನ ಹೆಸರೇ ಬೇರೆ. ಅವತ್ತಿನಿಂದ ಹೆಸರಿನ ಜೊತೆ ಇನ್ನೆರಡು ಸಂಗತಿ ತಾಳೆಯಾಗದೆ ಕಾಸು ಬಿಚ್ಚುವುದಿಲ್ಲ. ಅಪ್ಪನ ಹೆಸರು, ಹೆಂಡತಿಯ ಹೆಸರು, ಕಸುಬು, ವಾಸದ ಜಾಗ, ಯಾವುದಾದರೂ ಸರಿ. ವಯಸ್ಸನ್ನು ಮಾತ್ರ ಜಾಸ್ತಿ ನೆಚ್ಚಬೇಡಿ. ಹಳೇ ದಾಖಲೆಗಳಲ್ಲಿ 40, 45, 50 ಅಂತ ಅಂದಾಜಿಗೆ ಬರೆಸಿದವರೇ ಬಹಳ.

ಪ್ರಶ್ನೆ: ಇದಕ್ಕೆಲ್ಲ ಸಾಫ್ಟ್‌ವೇರ್ ಕೊಳ್ಳಬೇಕಾ?

ಒಂದು ನೋಟ್‌ಬುಕ್ ಸಾಕು. ಜೊತೆಗೆ 1590ರಲ್ಲಿ ಮಿಖಾಯೆಲ್ ಐಟ್ಸಿಂಗರ್ ಎಂಬಾತ ಅಚ್ಚು ಹಾಕಿಸಿದ ಪುಸ್ತಕದಲ್ಲಿರುವ ಒಂದು ಲೆಕ್ಕ. ನೀವು 1, ಅಪ್ಪ 2, ಅಮ್ಮ 3. ಯಾರದೇ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದರೆ ಅವರ ಅಮ್ಮ. ನಿಮ್ಮ ಅಮ್ಮನ ಅಪ್ಪ 6, ಆ ತಾತನ ಅಮ್ಮ 13. ಒಂದೊಂದು ಸಂಖ್ಯೆಗೆ ಒಂದೊಂದು ಪುಟ ಬಿಡಿ. ಖಾಲಿ ಉಳಿದ ಪುಟವೇ ಮುಂದೆ ಏನು ಹುಡುಕಬೇಕು ಅಂತ ಹೇಳುತ್ತದೆ. ನನ್ನ 13ನೇ ಪುಟ ಇನ್ನೂ ಖಾಲಿ.

ಕಂಪ್ಯೂಟರೇ ಬೇಕು ಅಂದರೆ ಗ್ರಾಂಪ್ಸ್ (Gramps) ಅನ್ನೋ ವಂಶವೃಕ್ಷದ ಸಾಫ್ಟ್‌ವೇರ್ ಉಚಿತ. ಯಾವುದನ್ನು ಬಳಸಿದರೂ ಆಗಾಗ ಜೆಡ್‌ಕಾಮ್ (GEDCOM) ಕಡತವಾಗಿ, ಅಂದರೆ ವಂಶವೃಕ್ಷದ ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ರೂಪದಲ್ಲಿ, ಇಳಿಸಿಟ್ಟುಕೊಳ್ಳಿ. ಆಗ ನಾಳೆ ಬೇರೆ ಕಡೆ ಹೋದರೂ ಮೊದಲಿನಿಂದ ಬರೆಯಬೇಕಾಗಿಲ್ಲ.

ಪ್ರಶ್ನೆ: ಡಿಎನ್‌ಎ ಕಿಟ್‌ಗೆ ರಿಯಾಯಿತಿ ಬಂದಿದೆ. ತಗೊಳ್ಳಲಾ?

ಬೇಡ. ತಾತಂದಿರ ಹೆಸರು ಅದರಲ್ಲಿ ಬರುವುದಿಲ್ಲ. ಬರುವುದು ಯಾವ ಪ್ರದೇಶದ ಮೂಲ ಎಷ್ಟು ಅನ್ನೋ ಒಂದಷ್ಟು ಶೇಕಡಾ ಅಂದಾಜು, ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದ ನೆಂಟರ ಪಟ್ಟಿ. ಆ ಶೇಕಡಾ ಒಡಹುಟ್ಟಿದವರಿಗೂ ಒಂದೇ ಥರ ಇರಲ್ಲ. ಮುಂದೆ ಮಾಡಿಸುವುದೇ ಆದರೆ ಮನೆಯ ಅತಿ ಹಿರಿಯರದು ಮಾಡಿಸಿ, ಅವರು ಒಪ್ಪಿದರೆ.

ಪ್ರಶ್ನೆ: ಹಳೇ ಆಲ್ಬಮ್ಮಿನ ಅಂಟು ಪುಟಕ್ಕೆ ಫೋಟೊಗಳು ಅಂಟಿಕೊಂಡಿವೆ. ಹಿಂದೆ ಏನು ಬರೆದಿದೆಯೋ ನೋಡಬೇಕು. ಕಿತ್ತರೆ ಹರಿಯುತ್ತೆ ಅನ್ನೋ ಭಯ.

ಕೀಳಬೇಡಿ! ಮೊದಲು ಪುಟದ ಸಮೇತ ಫೋನಿನಲ್ಲಿ ಫೋಟೊ ತೆಗೆದಿಡಿ. ಆಮೇಲೆ ಹಲ್ಲಿನ ಸಂದು ಕ್ಲೀನ್ ಮಾಡುವ ದಾರವನ್ನು, ವಾಸನೆ ಹಾಕದ್ದು, ಮೂಲೆಯಿಂದ ಫೋಟೊದ ಅಡಿಗೆ ತೂರಿಸಿ, ಗರಗಸ ಆಡಿಸಿದ ಹಾಗೆ ನಿಧಾನಕ್ಕೆ ಎಳೆಯುತ್ತಾ ಬನ್ನಿ. ಜಗ್ಗದಿದ್ದರೆ ಅಲ್ಲಿಗೇ ಬಿಡಿ. ಬಿಡಿಸಿದ ಫೋಟೊದ ಹಿಂದೆ ನೀವು ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲೇ ಇರಲಿ, ಅಂಚಿನಲ್ಲಿ, ಹಗುರವಾಗಿ. ಬಾಲ್‌ಪೆನ್ ಮುಟ್ಟಿಸಬೇಡಿ, ಒತ್ತಿದ ಗೆರೆ ಮುಖದ ಕಡೆಗೆ ಉಬ್ಬಿಬಿಡುತ್ತದೆ.