ಎಲ್ಲ ಸರಿಯಿದೆ ಎನ್ನುತ್ತಿದ್ದ ತಂಡ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಿರಲೆಂದು ವಯಸ್ಸು, ಹುದ್ದೆ ಮತ್ತು ತಂಡದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ತೊಂದರೆಯ ಸ್ವರೂಪವನ್ನಾಗಲಿ ನಾನು ಕೊಟ್ಟ ಸಲಹೆಯನ್ನಾಗಲಿ ಬದಲಾಯಿಸಿಲ್ಲ.

ನಲವತ್ತರ ಆಸುಪಾಸಿನ ಆ ಮಹಿಳೆ ನನ್ನ ಬಳಿ ಬಂದದ್ದು ರಾತ್ರಿ ನಿದ್ರೆ ಬರುತ್ತಿಲ್ಲ ಎಂದು ಹೇಳಿಕೊಂಡು. ಬೇರೆ ಬೇರೆ ಕಂಪನಿಗಳ ನೌಕರರ ಸಂಬಳದ ಲೆಕ್ಕ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ಅವರು 9 ಜನರ ತಂಡದ ಮುಖ್ಯಸ್ಥೆ. ಅದೇ ತಂಡದಲ್ಲಿ 11 ವರ್ಷ ದುಡಿದು, ಲೆಕ್ಕದಲ್ಲಿ ಎಂದೂ ತಪ್ಪದವರೆಂಬ ಹೆಸರು ಗಳಿಸಿ, ಆ ಹೆಸರಿನ ಬಲದಿಂದಲೇ 14 ತಿಂಗಳ ಹಿಂದೆ ಬಡ್ತಿ ಪಡೆದಿದ್ದರು. ತಿಂಗಳ ಕೊನೆಯ ವಾರದಲ್ಲಿ ರಾತ್ರಿ ಎರಡರವರೆಗೂ ಇತರರು ಸಿದ್ಧಪಡಿಸಿದ ಲೆಕ್ಕದ ಹಾಳೆಗಳನ್ನು ತಾವೇ ತಿದ್ದುತ್ತಾ ಕುಳಿತಿರುತ್ತಿದ್ದರು. ಬೆಳಿಗ್ಗೆ ಏಳುವಾಗಲೇ ತಲೆನೋವು ಇರುತ್ತಿತ್ತು. ತಲೆನೋವಿಗೆ ಮೊದಲು ವೈದ್ಯರನ್ನು ಕಾಣಬೇಕೆಂದು ನಾನು ಒತ್ತಾಯಿಸಿದೆ. ದೈಹಿಕವಾಗಿ ಬೇರೆ ಕಾರಣವಿಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ನಮ್ಮ ಮಾತು ಕೆಲಸದ ಕಡೆಗೆ ಹೊರಳಿತು.

ಅವರು ಹೇಳಿಕೊಂಡದ್ದರ ಸಾರ ಇಷ್ಟು. ಸಭೆಯಲ್ಲಿ ಕೇಳಿದರೆ ಪ್ರತಿಯೊಬ್ಬರೂ ಎಲ್ಲ ಸರಿಯಿದೆ ಎನ್ನುತ್ತಾರೆ. ಎರಡು ದಿನ ಕಳೆದ ಮೇಲೆ ಸರಿಯಿಲ್ಲವೆಂಬುದು ಗ್ರಾಹಕರ ಬಾಯಿಂದ ತಿಳಿಯುತ್ತದೆ. ತಂಡದ ಇಬ್ಬರು ಹಿರಿಯರು ಒಬ್ಬರಿಗೊಬ್ಬರು ಮಾತು ಬಿಟ್ಟು ನಾಲ್ಕು ತಿಂಗಳಾಗಿದೆ. ಇನ್ನಿಬ್ಬರು ಕೆಲಸ ಬಿಟ್ಟು ಹೋಗಿದ್ದಾರೆ, ಆ ಜಾಗಗಳು ಖಾಲಿಯೇ ಉಳಿದಿವೆ. ಒಗ್ಗಟ್ಟು ಬೆಳೆಯಲೆಂದು ತರಬೇತುದಾರರೊಬ್ಬರನ್ನು ಕರೆಸಿ ಒಂದು ದಿನ ಆಟಗಳನ್ನಾಡಿಸಿದ್ದೂ ಆಯಿತು; ಆ ದಿನ ಎಲ್ಲರೂ ನಕ್ಕರು, ಮರುದಿನದಿಂದ ಮತ್ತೆ ಹಾಗೆಯೇ. "ಇವರಿಗೆ ಕೆಲಸದ ಮೇಲೆ ನಿಷ್ಠೆಯೇ ಇಲ್ಲ, ನಾನೊಬ್ಬಳೇ ಎಷ್ಟು ಎಳೆಯಲಿ?" ಎಂದರು. ಆ ಮಾತಿನಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

ನಿಷ್ಠೆ ಇದೆಯೋ ಇಲ್ಲವೋ ಎಂಬ ಚರ್ಚೆಗೆ ನಾನು ಹೋಗಲಿಲ್ಲ. "ತಂಡದವರು ಯಾರಾದರೂ ತಾವಾಗಿಯೇ ಬಂದು ಒಂದು ತಪ್ಪನ್ನೋ ಅನುಮಾನವನ್ನೋ ನಿಮ್ಮೆದುರು ಇಟ್ಟದ್ದು ಕೊನೆಯದಾಗಿ ಯಾವಾಗ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಅವರು ಸುಮಾರು ಒಂದು ವರ್ಷ ಹಿಂದಿನ ಘಟನೆಯೊಂದನ್ನು ನೆನೆದರು. ತಂಡಕ್ಕೆ ಹೊಸದಾಗಿ ಸೇರಿದ್ದ ಯುವಕನೊಬ್ಬ, ಒಂದು ಕಂಪನಿಯ ನೌಕರರ ಸಂಬಳದಲ್ಲಿ ಕಡಿತದ ಮೊತ್ತ ತಪ್ಪಾಗಿರಬಹುದೆಂದು ಸಭೆಯಲ್ಲಿ ಹೇಳಿದ್ದ. ಇವರು ಆ ಹಾಳೆಯನ್ನು ಅಲ್ಲಿಯೇ ಪರದೆಯ ಮೇಲೆ ತೆರೆದು, ತಪ್ಪು ಹುಟ್ಟಿದ್ದು ಅವನೇ ತುಂಬಿದ ಸಾಲಿನಲ್ಲಿ ಎಂದು ಎಲ್ಲರೆದುರು ಬೆರಳಿಟ್ಟು ತೋರಿಸಿ, "ಇದನ್ನು ಮೊದಲೇ ನೋಡಬೇಕಿತ್ತಲ್ಲವೇ?" ಎಂದಿದ್ದರು. "ನಾನು ಬೈಯಲಿಲ್ಲ, ಕೇಳಿದೆ ಅಷ್ಟೆ" ಎಂದು ನನಗೆ ಎರಡು ಬಾರಿ ಹೇಳಿದರು. ಅದು ನಿಜವೇ ಇರಬೇಕು. ಅವರು ದನಿ ಎತ್ತುವವರಲ್ಲ. ಆದರೆ ಆ ದಿನ ಸುತ್ತ ಕುಳಿತಿದ್ದವರು ಕಲಿತ ಪಾಠ ದನಿಯದಲ್ಲ. ತಪ್ಪನ್ನು ಹೇಳಿದವನು ತಪ್ಪಿತಸ್ಥನಾಗಿ ಎದ್ದು ಹೋಗುವುದನ್ನು ಅವರು ಕಣ್ಣಾರೆ ಕಂಡರು. ಅಂದಿನಿಂದ ಎಲ್ಲ ಸರಿಯಿದೆ ಎನ್ನುವುದು ಅವರ ಪಾಲಿಗೆ ಬುದ್ಧಿವಂತಿಕೆಯ ಉತ್ತರವಾಯಿತು.

ಇಲ್ಲಿ ಅವರಿಗೆ ನಾನೊಂದು ಅಧ್ಯಯನದ ಕಥೆ ಹೇಳಿದೆ. 1990ರ ದಶಕದಲ್ಲಿ ಆಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಸಿಸುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂದು ನಿರೀಕ್ಷಿಸಿದ್ದ ಅವರಿಗೆ, ನಾಯಕತ್ವ ಮತ್ತು ಹೊಂದಾಣಿಕೆ ಚೆನ್ನಾಗಿದ್ದ ತಂಡಗಳಲ್ಲಿಯೇ ದಾಖಲಾದ ತಪ್ಪುಗಳ ಸಂಖ್ಯೆ ಹೆಚ್ಚಿರುವುದು ಕಂಡುಬಂತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದುವೆಂದಲ್ಲ, ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದುವು ಎಂಬ ವಿವರಣೆಯತ್ತ ಅವರು ಬಂದರು. ಮಾತನಾಡಿದರೆ ಅವಮಾನವಾಗದು, ಶಿಕ್ಷೆಯಾಗದು ಎಂದು ತಂಡದವರೆಲ್ಲ ನಂಬಿರುವ ಸ್ಥಿತಿಯನ್ನು ಅವರು 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಂಡದ ಮಾನಸಿಕ ಸುರಕ್ಷತೆ ಎಂದು ಕರೆದರು. ಇದನ್ನು ಹೇಳಿದ್ದಕ್ಕೆ ಒಂದು ಕಾರಣವಿತ್ತು: ನನ್ನ ಸಲಹೆಯಂತೆ ನಡೆದರೆ ಮೊದಲ ಎರಡು ತಿಂಗಳಲ್ಲಿ ಅವರ ಕಿವಿಗೆ ಬೀಳುವ ತಪ್ಪುಗಳು ಹೆಚ್ಚುತ್ತವೆ, ಆಗ ಅವರು ಹೆದರಿ ಹಳೆಯ ದಾರಿಗೆ ಮರಳಬಾರದು.

ಎರಡನೆಯ ಭೇಟಿಗೆ ಬರುವ ಮುನ್ನ ಒಂದು ವಾರದ ದಿನಚರಿ ಬರೆಯಲು ಹೇಳಿದ್ದೆ. ತಂಡದವರು ತಮ್ಮ ಬಳಿ ಯಾವ ವಿಷಯ ತಂದರು, ಅದಕ್ಕೆ ತಮ್ಮ ಬಾಯಿಂದ ಬಂದ ಮೊದಲ ವಾಕ್ಯ ಯಾವುದು, ಇವೆರಡನ್ನು ಮಾತ್ರ ಇದ್ದದ್ದು ಇದ್ದಂತೆ ಬರೆಯಬೇಕು. 19 ಸಂದರ್ಭಗಳನ್ನು ಬರೆದು ತಂದಿದ್ದರು. ಅವುಗಳಲ್ಲಿ 15ರಲ್ಲಿ ಮೊದಲ ವಾಕ್ಯ ಪ್ರಶ್ನೆಯಾಗಿತ್ತು: ಯಾರು ಮಾಡಿದ್ದು, ಯಾಕೆ ಈಗ ಹೇಳುತ್ತಿದ್ದೀರಿ, ಹಿಂದಿನ ತಿಂಗಳು ಇದನ್ನೇ ಹೇಳಿಕೊಟ್ಟಿರಲಿಲ್ಲವೇ. ಪುಟವನ್ನು ನನ್ನತ್ತ ತಿರುಗಿಸುವ ಮೊದಲು ಅವರೇ ಅದನ್ನು ಮತ್ತೊಮ್ಮೆ ಓದಿದರು, ಏನೂ ಹೇಳಲಿಲ್ಲ. ಈ ವೃತ್ತಿಯಲ್ಲಿ ನಾನು ಬಹಳ ನಂಬುವ ಸಾಧನ ಇದು. ನಾನು ಹತ್ತು ಸಲ ಹೇಳಿದರೂ ಒಪ್ಪಲಾಗದ ಮಾತನ್ನು ಮನುಷ್ಯರು ತಮ್ಮದೇ ಕೈಬರಹದಲ್ಲಿ ಕಂಡಾಗ ಒಪ್ಪಿಕೊಳ್ಳುತ್ತಾರೆ.

ರಾತ್ರಿಯ ತಿದ್ದುಪಡಿಯ ವಿಷಯವನ್ನು ಅವರು ತ್ಯಾಗವೆಂದು ತಿಳಿದಿದ್ದರು, ಹಾಗಾಗಿ ಅದನ್ನು ಮುಟ್ಟುವಾಗ ನಾನು ಎಚ್ಚರಿಕೆ ವಹಿಸಬೇಕಾಯಿತು. ಹಾಳೆಗಳು ಸಂಜೆ ಅವರ ಕೈಗೆ ಬರುತ್ತಿದ್ದವು, ಅವರು ಯಾರಿಗೂ ತಿಳಿಸದೆ ತಿದ್ದಿ ಬೆಳಿಗ್ಗೆ ಗ್ರಾಹಕರಿಗೆ ಕಳುಹಿಸುತ್ತಿದ್ದರು. ತಾನು ಎಲ್ಲಿ ತಪ್ಪಿದೆ ಎಂಬುದು ಮಾಡಿದವರಿಗೆ ತಿಳಿಯುತ್ತಲೇ ಇರಲಿಲ್ಲ, ಸರಿಯಾಗಿ ಮಾಡಿದವರಿಗೂ ತನ್ನ ಹಾಳೆ ತಿದ್ದುಪಡಿ ಇಲ್ಲದೆ ಹೋಯಿತೆಂಬ ಸಮಾಧಾನ ಸಿಗುತ್ತಿರಲಿಲ್ಲ. ಹೇಗೂ ಮೇಡಂ ನೋಡುತ್ತಾರೆ ಎಂಬ ಮಾತು ತಂಡದಲ್ಲಿ ಓಡಾಡುತ್ತಿರುವುದನ್ನು ಅವರು ಕೇಳಿಸಿಕೊಂಡಿದ್ದರು, ಅದನ್ನು ಸೋಮಾರಿತನದ ಸಾಕ್ಷಿಯೆಂದೇ ನನಗೆ ಹೇಳಿದರು. ಗುಂಪಿನಲ್ಲಿ ದುಡಿಯುವಾಗ ಒಬ್ಬೊಬ್ಬರ ಶ್ರಮ ತಗ್ಗುವುದು ಬಹಳ ಹಳೆಯ ಗಮನಿಕೆ. 1979ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಾಧ್ಯವಾದಷ್ಟು ಗಟ್ಟಿಯಾಗಿ ಚಪ್ಪಾಳೆ ತಟ್ಟಲು, ಕೂಗಲು ಹೇಳಿದಾಗ, ಒಂಟಿಯಾಗಿದ್ದಾಗ ಹಾಕಿದಷ್ಟು ಬಲವನ್ನು ಜನ ಗುಂಪಿನಲ್ಲಿ ಹಾಕಲಿಲ್ಲ. ಅದೇ ಸಂಶೋಧಕರ ಮುಂದಿನ ಪ್ರಯೋಗಗಳಲ್ಲಿ, ಪ್ರತಿಯೊಬ್ಬರ ಪಾಲು ಬೇರೆಯಾಗಿ ಗುರುತಿಸಲ್ಪಡುತ್ತದೆ ಎಂದು ತಿಳಿದಾಗ ಈ ಸಡಿಲಿಕೆ ಬಹುಮಟ್ಟಿಗೆ ಕಾಣದಾಯಿತು. ಅಂದರೆ, ಯಾರ ಪಾಲು ಎಲ್ಲಿ ಮುಗಿಯುತ್ತದೆಂದು ಕಾಣದಂತೆ ರಾತ್ರಿಯೇ ಅಳಿಸಿಹಾಕುತ್ತಿದ್ದ ಮುಖ್ಯಸ್ಥೆಯೇ ತಿಳಿಯದೆ ಆ ಸಡಿಲಿಕೆಯನ್ನು ಬೆಳೆಸುತ್ತಿದ್ದರು.

ಇಬ್ಬರು ಹಿರಿಯರ ಜಗಳದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಸ್ವಭಾವಗಳ ಘರ್ಷಣೆ ಎಂದು ಅವರು ನಂಬಿದ್ದರು. ಅಂತಿಮ ಪರಿಶೀಲನೆ ಯಾರ ಹೊಣೆ ಎಂದು ನಾನು ಕೇಳಿದಾಗ, ಹಿಂದಿನ ಮುಖ್ಯಸ್ಥರು ಅದನ್ನು ಒಬ್ಬರಿಗೆ ವಹಿಸಿದ್ದರೆಂದೂ, ಬಡ್ತಿಯಾದ ವಾರದಲ್ಲಿ ತಾವು ಅದನ್ನೇ ಇನ್ನೊಬ್ಬರಿಗೆ ಬಾಯಿಮಾತಿನಲ್ಲಿ ಹೇಳಿದ್ದೆವೆಂದೂ ನೆನಪಾಗಿ ಸುಮ್ಮನಾದರು. ತಂಡದ ತೊಂದರೆಯನ್ನು ನೋಡುವಾಗ ಮೊದಲು ಗುರಿ, ಆಮೇಲೆ ಹೊಣೆ, ಆಮೇಲೆ ಕೆಲಸದ ವಿಧಾನ, ಕೊನೆಗೆ ಮಾತ್ರ ವ್ಯಕ್ತಿಗಳ ನಡುವಿನ ಸಂಬಂಧ ಎಂಬ ಕ್ರಮವನ್ನು ನಾನು ಪಾಲಿಸುತ್ತೇನೆ. ಆಟಗಳ ದಿನ ಫಲಿಸದಿದ್ದುದಕ್ಕೂ ಇದೇ ಕಾರಣವೆಂದು ನನ್ನ ಅಭಿಪ್ರಾಯ: ಒಂದೇ ಹೊಣೆಯನ್ನು ಇಬ್ಬರ ಹೆಗಲಿಗೆ ಹೊರಿಸಿ, ನಗುನಗುತ್ತಾ ಇರಿ ಎಂದು ಕೇಳುವುದು ಆ ಇಬ್ಬರಿಗೂ ನ್ಯಾಯವಲ್ಲ.

ಮೂರನೆಯ ಭೇಟಿಯಲ್ಲಿ ಖಾಲಿ ಬಿದ್ದ ಎರಡು ಜಾಗಗಳ ವಿಷಯ ಬಂತು. 11 ಜನರ ಕೆಲಸವನ್ನು 9 ಜನ ಮಾಡುತ್ತಿದ್ದಾರೆ ಎಂಬುದನ್ನು ಅವರ ಮೇಲಧಿಕಾರಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿರಲಿಲ್ಲ. ಪ್ರತಿ ವಾರದ ವರದಿಯಲ್ಲಿ ಎಲ್ಲ ಸಮಯಕ್ಕೆ ಸರಿಯಾಗಿ ನಡೆಯುತ್ತಿದೆ ಎಂದೇ ಬರೆಯುತ್ತಿದ್ದರು. ಯಾಕೆಂದು ಕೇಳಿದಾಗ, "ಹೇಳಿದರೆ, ನಿಮ್ಮಿಂದ ನಿಭಾಯಿಸಲು ಆಗುತ್ತಿಲ್ಲವೇ ಎನ್ನುತ್ತಾರೆ" ಎಂದರು. ಅಷ್ಟು ಹೇಳಿ ಅವರೇ ತಡೆದರು. ತಂಡದವರು ತಮ್ಮೆದುರು ಬಳಸುತ್ತಿದ್ದ ಮಾತನ್ನೇ ತಾವು ಮೇಲಿನವರೆದುರು ಬಳಸುತ್ತಿದ್ದೇವೆಂದು ಅವರಿಗೆ ಹೊಳೆದದ್ದು ಆ ಕ್ಷಣದಲ್ಲಿ, ಮತ್ತು ನಮ್ಮ ಆರು ಭೇಟಿಗಳಲ್ಲಿ ಅವರು ಕಣ್ಣೀರಾದದ್ದು ಆಗ ಮಾತ್ರ. ಆ ಯುವಕನ ಸ್ಥಾನದಲ್ಲಿ ತಮ್ಮನ್ನು ಇಟ್ಟು ನೋಡಲು ಅವರಿಗೆ ಬೇರಾವ ಅಭ್ಯಾಸವೂ ಬೇಕಾಗಲಿಲ್ಲ.

ಇಲ್ಲಿಂದ ಮುಂದೆ ನಾನು ಕೊಟ್ಟ ಸಲಹೆಗಳನ್ನು ಹೇಳುತ್ತೇನೆ. ಮೊದಲನೆಯದು, ಕೆಟ್ಟ ಸುದ್ದಿ ಬಂದಾಗ ಮೊದಲ ನಿಮಿಷದಲ್ಲಿ ಏನು ಹೇಳಬೇಕೆಂಬುದು. "ಹೇಳಿದ್ದು ಒಳ್ಳೆಯದಾಯಿತು. ಈಗ ಸರಿಪಡಿಸಲು ನಿಮಗೆ ಏನು ಬೇಕು?" ಎಂಬ ಎರಡು ವಾಕ್ಯಗಳನ್ನು ಅವರು ಮನಸ್ಸಿಲ್ಲದಿದ್ದರೂ ಹೇಳಬೇಕು, ತಪ್ಪು ಹೇಗಾಯಿತೆಂಬ ವಿಚಾರಣೆಯನ್ನು ಕೆಲಸ ಸರಿಯಾದ ಮೇಲೆ, ಆ ವ್ಯಕ್ತಿಯೊಂದಿಗೆ ಪ್ರತ್ಯೇಕವಾಗಿ ಮಾಡಬೇಕು. ಇದನ್ನು ನನ್ನ ಕೋಣೆಯಲ್ಲಿಯೇ ಹಲವು ಬಾರಿ ಅಭ್ಯಾಸ ಮಾಡಿದೆವು. ನಾನು ತಂಡದವನಾಗಿ ತಪ್ಪು ಹೇಳುತ್ತಿದ್ದೆ, ಅವರು ಉತ್ತರಿಸುತ್ತಿದ್ದರು. ನಾಲ್ಕನೆಯ ಸಲದವರೆಗೂ "ಯಾಕೆ" ಎಂಬ ಪದ ನುಸುಳುತ್ತಲೇ ಇತ್ತು. ತಪ್ಪನ್ನು ಸಹಿಸಿಕೊಳ್ಳಬೇಕೆಂಬುದು ನನ್ನ ಸಲಹೆಯಲ್ಲ ಎಂದೂ ಸ್ಪಷ್ಟಪಡಿಸಿದೆ. ಸಂಬಳದ ಲೆಕ್ಕ ತಪ್ಪಿದರೆ ಒಂದು ಮನೆಯ ತಿಂಗಳ ಖರ್ಚೇ ಏರುಪೇರಾಗುತ್ತದೆ, ಆದ್ದರಿಂದ ಗುಣಮಟ್ಟದಲ್ಲಿ ಸಡಿಲಿಕೆ ಇರಕೂಡದು; ಆ ಗುಣಮಟ್ಟ ಉಳಿಯಬೇಕಾದರೆ ತಪ್ಪು ಬೇಗ ಗೊತ್ತಾಗಬೇಕು.

ಎರಡನೆಯದು ಸಭೆಯ ಬಗ್ಗೆ. ಸಭೆಯಲ್ಲಿ ಅವರು ಕೊನೆಗೆ ಮಾತನಾಡಬೇಕು, ಅದಕ್ಕೂ ಮೊದಲು ಪ್ರತಿಯೊಬ್ಬರೂ ತಮಗೆ ಅನುಮಾನವಿರುವ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದು ಕೊಡಬೇಕು ಎಂದೆ. ಅನುಮಾನವಿಲ್ಲ ಎಂಬ ಉತ್ತರವನ್ನು ಒಪ್ಪಬಾರದು. 1950ರ ದಶಕದಲ್ಲಿ ಸೊಲೊಮನ್ ಆಶ್ ಗೆರೆಗಳ ಉದ್ದವನ್ನು ಹೋಲಿಸುವ ಪ್ರಯೋಗಗಳಲ್ಲಿ, ಸುತ್ತಲಿನವರೆಲ್ಲ ತಪ್ಪು ಉತ್ತರ ಹೇಳಿದಾಗ ಅನೇಕರು ಕಣ್ಣೆದುರಿನ ಸತ್ಯವನ್ನು ಬಿಟ್ಟು ಅವರೊಂದಿಗೆ ದನಿಗೂಡಿಸಿದ್ದನ್ನು ಕಂಡಿದ್ದರು. ಆದರೆ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಆ ಒತ್ತಡ ಬಹಳ ಇಳಿಯುತ್ತಿತ್ತು. ಉತ್ತರವನ್ನು ಬಹಿರಂಗವಾಗಿ ಹೇಳದೆ ಬರೆದುಕೊಡುವಾಗಲೂ ಹಾಗೆಯೇ. ಚೀಟಿಯ ಉಪಾಯ ಬಂದದ್ದು ಅಲ್ಲಿಂದ. ಮೊದಲ ಚೀಟಿಯನ್ನು ಅವರೇ ಬರೆಯಬೇಕು, ಅದರಲ್ಲಿ ತಮ್ಮದೇ ಒಂದು ತಪ್ಪಿರಬೇಕು ಎಂದಾಗ ಅವರ ಮುಖ ಬಿಗಿಯಾಯಿತು, ಆದರೂ ಒಪ್ಪಿದರು.

ಮೂರನೆಯದಾಗಿ, ರಾತ್ರಿ ತಿದ್ದುವುದನ್ನು ನಿಲ್ಲಿಸಬೇಕು. ತಪ್ಪಿರುವ ಹಾಳೆ ಮಾಡಿದವರ ಬಳಿಗೇ ಗುರುತು ಹಾಕಿ ಮರಳಬೇಕು. ಇದಕ್ಕೆ ಸಮಯ ಸಾಕಾಗಬೇಕಾದರೆ ಹಾಳೆಗಳು ಎರಡು ದಿನ ಮೊದಲೇ ಪರಿಶೀಲನೆಗೆ ಬರಬೇಕಾಗುತ್ತದೆ. ಯಾವ ಗ್ರಾಹಕರ ಲೆಕ್ಕ ಯಾರದು, ಅಂತಿಮ ಪರಿಶೀಲನೆ ಯಾರದು, ಭಿನ್ನಾಭಿಪ್ರಾಯ ಬಂದರೆ ನಿರ್ಧಾರ ಯಾರದು ಎಂಬುದನ್ನು ಒಂದೇ ಪುಟದಲ್ಲಿ ಬರೆದು, ಆ ಇಬ್ಬರು ಹಿರಿಯರೊಂದಿಗೆ ಕುಳಿತು ಮೊದಲು ತಮ್ಮ ತಪ್ಪನ್ನು ಒಪ್ಪಿಕೊಂಡು ಆಮೇಲೆ ಆ ಪುಟವನ್ನು ಮುಂದಿಡಲು ಹೇಳಿದೆ. ಖಾಲಿ ಜಾಗಗಳ ಬಗ್ಗೆ ಮೇಲಧಿಕಾರಿಗೆ ಮಾತಿನಲ್ಲಿ ದೂರದೆ, ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯುತ್ತಿದೆ, ಯಾವುದನ್ನು ಬಿಡಬೇಕಾಗಿ ಬರುತ್ತಿದೆ ಎಂಬ ಲೆಕ್ಕವನ್ನೇ ಕೊಡಲು ಸೂಚಿಸಿದೆ. ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲವಲ್ಲ. ಎರಡು ಜಾಗಗಳ ಕೊರತೆಯನ್ನು ಯಾವ ಆಪ್ತಸಲಹೆಯೂ ತುಂಬಲಾರದೆಂಬುದನ್ನು ಅವರಿಗೆ ನೇರವಾಗಿಯೇ ತಿಳಿಸಿದೆ. ದಣಿದ ತಂಡಕ್ಕೆ ಸುರಕ್ಷತೆಯ ಮಾತು ಮಾತ್ರ ಸಾಲದು.

ನಾಲ್ಕು ತಿಂಗಳಲ್ಲಿ ಆದದ್ದು ಇದು. ಚೀಟಿಗಳು ಮೊದಲ ಎರಡು ವಾರ ಬಹುಪಾಲು ಖಾಲಿಯೇ ಬಂದವು. ಮುಖ್ಯಸ್ಥೆ ತಾವು ಹಿಂದಿನ ತಿಂಗಳು ಮಾಡಿದ ತಪ್ಪೊಂದನ್ನು ಓದಿ ಹೇಳಿದ ಸಭೆಯ ನಂತರ ಬರಹ ಕಾಣಿಸತೊಡಗಿತು. ನಾನು ಎಚ್ಚರಿಸಿದ್ದಂತೆ ವರದಿಯಾದ ತಪ್ಪುಗಳು ಹೆಚ್ಚಿದವು, ಒಂದು ರಾತ್ರಿ ಅವರು ಹೆದರಿ ಮತ್ತೆ ಹಾಳೆಗಳನ್ನು ತಾವೇ ತಿದ್ದಿದರು, ಮರುದಿನ ಅದನ್ನು ತಂಡಕ್ಕೆ ಹೇಳಿದರು. ಹಿರಿಯರಲ್ಲಿ ಒಬ್ಬರು ಪರಿಶೀಲನೆಯ ಹೊಣೆ ಹೊತ್ತರು, ಇನ್ನೊಬ್ಬರು ಬೇರೆ ವಿಭಾಗ ಕೇಳಿಕೊಂಡು ಹೋದರು. ಇದನ್ನು ನಾನು ಯಶಸ್ಸೆಂದೂ ಸೋಲೆಂದೂ ಎಣಿಸುವುದಿಲ್ಲ. ಖಾಲಿ ಜಾಗಗಳಲ್ಲಿ ಒಂದು ತುಂಬಿತು.

ಆ ಯುವಕನ ಕ್ಷಮೆ ಕೇಳಬೇಕೆಂಬ ಆಸೆ ಅವರಿಗೆ ಮೂರನೆಯ ಭೇಟಿಯಿಂದಲೇ ಇತ್ತು, ಅದನ್ನು ಎಲ್ಲರೆದುರು ಮಾಡಬೇಕೆಂದಿದ್ದರು. ಅವನನ್ನು ಕೇಳದೆ ಹಾಗೆ ಮಾಡಿದರೆ ಮತ್ತೊಮ್ಮೆ ಅವನನ್ನೇ ಪರದೆಯ ಮೇಲೆ ತಂದಂತಾಗುತ್ತದೆ, ಮೊದಲು ಒಬ್ಬನೇ ಇರುವಾಗ ಮಾತನಾಡಿ ಎಂದೆ. ಹಾಗೆಯೇ ಮಾಡಿದರು. ಅವನು ಕೇಳಿಸಿಕೊಂಡು, "ಆಗಲಿ ಮೇಡಂ. ಆದರೆ ಸಭೆಯಲ್ಲಿ ಮಾತನಾಡಲು ನನಗೆ ಇನ್ನೂ ಸ್ವಲ್ಪ ಸಮಯ ಬೇಕು" ಎಂದನಂತೆ. ಈಗ ಏನು ಮಾಡಲಿ ಎಂದು ಅವರು ನನ್ನನ್ನು ಕೇಳಿದರು. ಕಾಯಿರಿ, ಚೀಟಿಯನ್ನು ಓದುತ್ತಿರಿ ಎಂದೆ. ಕಡೆಯ ಭೇಟಿಯ ಹೊತ್ತಿಗೂ ಅವನು ಸಭೆಯಲ್ಲಿ ಬಾಯಿ ತೆರೆದಿರಲಿಲ್ಲ. ಆದರೆ ಆ ತಿಂಗಳು ಬಂದ ಚೀಟಿಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು ಅವನದು, ಮತ್ತು ಅದರಲ್ಲಿದ್ದ ಎರಡನೆಯ ಸಂಗತಿ ಮುಖ್ಯಸ್ಥೆಯವರೇ ಮಾಡಿದ ಒಂದು ತಪ್ಪನ್ನು ಕುರಿತಾಗಿತ್ತು.