ಕುರಿ ಮಾರಬೇಡಿ ಅಂದೆ

ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ.

ಆಕೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯವರು, ಮೂವತ್ತರ ಆಸುಪಾಸು. ನಿದ್ದೆ ಬರಲ್ಲ ಅಂತ ಅಣ್ಣನ ಜೊತೆ ದಾವಣಗೆರೆಗೆ ನನ್ನ ಹತ್ತಿರ ಬಂದಿದ್ದರು. ಮಳೆ ಕೈಕೊಟ್ಟ ವರ್ಷ ಗಂಡ-ಹೆಂಡತಿ ಮೇಸ್ತ್ರಿಯಿಂದ 40,000 ರೂಪಾಯಿ ಮುಂಗಡ ತಗೊಂಡು ಇಟ್ಟಿಗೆ ಭಟ್ಟಿಗೆ ಗುಳೆ ಹೋದರು. ಎರಡು ವರ್ಷ ದುಡಿದ ಮೇಲೆ ಸಾಲ 60,000 ಆಗಿತ್ತು! ಕೈಗೆ ಸಿಗುತ್ತಿದ್ದದ್ದು ವಾರದ ಸಂತೆ ಕಾಸು. ಲೆಕ್ಕದ ಪುಸ್ತಕ ಮೇಸ್ತ್ರಿ ಹತ್ತಿರ. ತಾಯಿ ತೀರಿಕೊಂಡಾಗ ಆಕೆಯನ್ನೊಬ್ಬರನ್ನೇ ಕಳಿಸಿದರು. ಗಂಡ, ಮಗ ಅಲ್ಲೇ.

“ಬೀಗ ಹಾಕ್ತಿದ್ರಾ?” ಅಂತ ಕೇಳಿದೆ. ಪೆದ್ದು ಪ್ರಶ್ನೆ.

“ಇಲ್ಲ ಮೇಡಂ. ದುಡ್ಡು ಇಸ್ಕಂಡಿದೀವಲ್ಲ, ಬಿಟ್ ಬಂದ್ರೆ ಮೋಸ ಆಗಲ್ವಾ?”

ಹೊಡೆತ, ಬೈಗುಳಕ್ಕಿಂತ ಜಾಸ್ತಿ ಆಕೆಯನ್ನು ಕೊರೆಯುತ್ತಿದ್ದದ್ದು ಇದೇ. ತಪ್ಪು ನಿಮ್ಮದಲ್ಲ ಅಂತ ಸುಮ್ನೆ ಸಮಾಧಾನ ಹೇಳಿದರೆ ಇಳಿಯುವಂಥದ್ದಲ್ಲ. ಕಾಗದ ತಗೊಂಡು ಕೂತೆವು. ದಿನಕ್ಕೆ ಎಷ್ಟು ಇಟ್ಟಿಗೆ ಕೊಯ್ದಿರಿ, ಸಾವಿರಕ್ಕೆ ಎಷ್ಟು ಕೂಲಿ ಹೇಳಿದ್ದರು? ಮೇಸ್ತ್ರಿ ಹೇಳಿದ ದರ ಹಿಡಿದು, ಸಂತೆ ಕಾಸು ಕಳೆದರೂ, ಮುಂಗಡ ಮೊದಲ ವರ್ಷವೇ ತೀರಿತ್ತು.

“ಇನ್ನೊಂದ್ಸಲ ಹಾಕ್ರಿ,” ಅಂದರು. ಹಾಕಿದೆ.

ಅಣ್ಣ ಕುರಿ ಮಾರಿ 60,000 ಕಟ್ಟಿ ಭಾವನನ್ನು ಬಿಡಿಸಿಕೊಂಡು ಬರಲು ಹೊರಟಿದ್ದರು. ಬೇಡ ಅಂದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜೀತದ ಸಾಲ ತೀರಿಸಬೇಕಾಗಿಲ್ಲ. ಅದನ್ನು ಕಟ್ಟಿಸಿಕೊಂಡವನಿಗೇ ಮೂರು ವರ್ಷದವರೆಗೆ ಜೈಲು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದ್ದೂ ಸಾಲ ಕೊಟ್ಟವನೇ. ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿಸಿದರೂ ಅದು ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಬಲವಂತಕ್ಕೆ ಬೀಗವೇ ಬೇಕಿಲ್ಲ; ಅಲ್ಲಿಗೆ ನನ್ನ ಬೀಗದ ಪ್ರಶ್ನೆಯೂ ಮುಗಿಯಿತು.

ಮೇಸ್ತ್ರಿಗೆ ಫೋನ್ ಮಾಡಬೇಡಿ, ಸುಳಿವು ಸಿಕ್ಕರೆ ಗಂಡ, ಮಗನನ್ನು ಬೇರೆ ಕಡೆ ಸಾಗಿಸಬಹುದು ಅಂತಲೂ ಹೇಳಿದೆ. ಭಟ್ಟಿಯ ಗುರುತು, ಜೊತೆಗಿದ್ದವರ ಹೆಸರು ಬರೆದು ಅವತ್ತೇ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿಸಿದೆ. ವಕೀಲರು ಬೇಕು ಅಂತ 15100ಕ್ಕೆ ಕರೆ ಮಾಡಿದೆವು. ಅದು ಕಾನೂನು ಸೇವಾ ಪ್ರಾಧಿಕಾರದ ನಂಬರು, ಖರ್ಚಿಲ್ಲ. ಬಿಡಿಸಿದವರು ಬಸ್ಸು ಹತ್ತಿಸಿ ಕಳಿಸಿದರೆ ಸಾಲದು, ಜೀತದಿಂದ ಬಿಡಿಸಿದ್ದಕ್ಕೆ ಅಧಿಕಾರಿ ಕೊಡುವ ಬಿಡುಗಡೆ ಪತ್ರ ಕೇಳಿ ಅಂತ ಎರಡೆರಡು ಸಲ ಹೇಳಿದೆ. ಮುಂದಿನ ಪರಿಹಾರಕ್ಕೆಲ್ಲ ಅದೇ ಆಧಾರ.

ಹನ್ನೆರಡನೇ ದಿನ ಗಂಡ, ಮಗ ಊರಿಗೆ ಬಂದರು. ಬಾಗಿಲು ಸದ್ದಾದರೆ ಆಕೆ ಈಗಲೂ ಎದ್ದು ಕೂರುತ್ತಾರೆ. ಲೆಕ್ಕದ ಕಾಗದ ಮಡಚಿ ದಿಂಬಿನಡಿ ಇಟ್ಟುಕೊಂಡಿದ್ದಾರೆ. ಓದು ಬರಲ್ಲ. ಯಾವ ಸಾಲಿನಲ್ಲಿ ಏನಿದೆ ಅಂತ ಮಾತ್ರ ಗೊತ್ತು.