ಉಸಿರಾಡಿದ ಕೆಮಿಕಲ್ ಶ್ವಾಸಕೋಶ ಬಿಟ್ಟು ಲಿವರ್‌ಗೆ ಯಾಕೆ ಹೊಡೆತ ಕೊಡುತ್ತದೆ?

ಪ್ರಯೋಗದ ಇಲಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ಬೇಗ ಆವಿಯಾಗುವ ದ್ರವವನ್ನೇ ಉದಾಹರಣೆಗೆ ತಗೊಳ್ಳಿ. ಅದರ ಆವಿ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಲಿವರ್ ತಲುಪುತ್ತದೆ. ಅಲ್ಲಿನ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಒಡೆಯಲು ಹೋಗಿ ಇನ್ನೂ ಜಾಸ್ತಿ ಅಪಾಯದ ತುಣುಕು ಮಾಡಿಬಿಡುತ್ತದೆ. ಆ ತುಣುಕು ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತಾ ಹೋಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಾನಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಲಿವರ್‌ನ ಪ್ರತಿ ಪುಟ್ಟ ಘಟಕದ ನಡುವೆ ಒಂದು ರಕ್ತನಾಳ ಇರುತ್ತದೆ. ಈ ಕಿಣ್ವ ಜಾಸ್ತಿ ಇರುವುದು ಅದರ ಸುತ್ತ. ಅಲ್ಲಿನ ಕೋಶಗಳೇ ಮೊದಲು ಕೊಬ್ಬು ತುಂಬಿ, ಊದಿಕೊಂಡು ಸಾಯುತ್ತವೆ. ಆ ಕಿಣ್ವವೇ ಇಲ್ಲದಂತೆ ಬೆಳೆಸಿದ ಇಲಿಗಳ ಲಿವರ್ ಬಹುಮಟ್ಟಿಗೆ ಉಳಿಯುತ್ತದೆ. ಅಂದರೆ ನಿಜವಾದ ವಿಷ ತಯಾರಾಗುವುದು ಲಿವರ್ ಒಳಗೇ, ಅಲ್ವಾ?

ಪಿವಿಸಿ ಪ್ಲಾಸ್ಟಿಕ್ ತಯಾರಿಸಲು ಬಳಸುವ ವಿನೈಲ್ ಕ್ಲೋರೈಡ್ ಅನಿಲವಂತೂ ಇಲಿಗಳ ಲಿವರ್ ರಕ್ತನಾಳಗಳಲ್ಲಿ ಕ್ಯಾನ್ಸರ್ ತಂದಿತು. 1974ರಲ್ಲಿ ಅದೇ ಅಪರೂಪದ ಕ್ಯಾನ್ಸರ್ ಆ ಅನಿಲ ಬಳಸುವ ಕಾರ್ಖಾನೆಯ ಕೆಲಸಗಾರರಲ್ಲೂ ವರದಿಯಾಯಿತು.